ಒಗಟು ಬಿಡಿಸುವುದು ಬೇರೆ, ವಿರೋಧಾಭಾಸ ಓದುವುದು ಬೇರೆ

ಒಗಟು ಬಿಡಿಸುವ ಖುಷಿಯಿಂದಲೇ ತರ್ಕಶಾಸ್ತ್ರದ ತರಗತಿಗೆ ಬರುವ ವಿದ್ಯಾರ್ಥಿಗಳು ಬಹಳ. ಹುಲಿ, ಮೇಕೆ, ಹುಲ್ಲಿನ ಹೊರೆಯನ್ನು ಹೊಳೆ ದಾಟಿಸುವುದು ಚಿಕ್ಕಂದಿನಿಂದ ಗೊತ್ತಿರುತ್ತದೆ. ಸುಳ್ಳರೂ ಸತ್ಯವಂತರೂ ಇರುವ ಊರಿನ ಲೆಕ್ಕ ಪಿಯುಸಿ ಹೊತ್ತಿಗೆ ಕೈಗೆ ಒಗ್ಗಿರುತ್ತದೆ. ವಿಶ್ವವಿದ್ಯಾಲಯದಲ್ಲಿ ಇವರು ಎಡವುವುದು ಒಂದೇ ಕಡೆ. ವಿರೋಧಾಭಾಸವನ್ನೂ (ಇಂಗ್ಲಿಷಿನ ‘ಪ್ಯಾರಡಾಕ್ಸ್’) ಒಗಟಿನಂತೆಯೇ ಹಿಡಿದು ‘ಉತ್ತರ ಏನು’ ಎಂದು ಹುಡುಕುತ್ತಾರೆ. ಒಗಟಿಗೆ ಉತ್ತರವಿದೆ, ಸಿಕ್ಕಿದ ಮೇಲೆ ಅದು ಮುಗಿಯಿತು. ವಿರೋಧಾಭಾಸಕ್ಕೆ ಇರುವುದು ಬೆಲೆಪಟ್ಟಿ: ಈ ಆಧಾರವಾಕ್ಯ (ವಾದ ಯಾವುದರ ಮೇಲೆ ನಿಂತಿದೆಯೋ ಆ ಮಾತು) ಬಿಟ್ಟರೆ ಇಷ್ಟು ನಷ್ಟ, ಆ ನಿಯಮ ಬಿಟ್ಟರೆ ಅಷ್ಟು ನಷ್ಟ. ಆ ಪಟ್ಟಿಯನ್ನು ತಯಾರಿಸಲು ಕಲಿಯುವುದೇ ಈ ವಿಷಯದ ಓದು.

ಕನ್ನಡದ ಪದವೇ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಅಲಂಕಾರಶಾಸ್ತ್ರದಲ್ಲಿ ವಿರೋಧಾಭಾಸವೆಂದರೆ ಮೇಲ್ನೋಟಕ್ಕೆ ಮಾತ್ರ ವಿರೋಧ, ಅರ್ಥ ಹೊಳೆದ ಕೂಡಲೇ ಪರಿಹಾರ. ‘ಆಭಾಸ’ ಎಂದ ಮೇಲೆ ವಿರೋಧ ನಿಜವಲ್ಲ ಎಂದು ಮೊದಲೇ ತೀರ್ಪು ಕೊಟ್ಟಂತಾಯಿತು. ತರ್ಕದಲ್ಲಿ ಹಾಗೆ ಮೊದಲೇ ಹೇಳಲು ಬರುವುದಿಲ್ಲ. ಬೇರೆ ಪದ ರೂಢಿಯಲ್ಲಿಲ್ಲದ್ದರಿಂದ ಇದನ್ನೇ ಬಳಸೋಣ, ಆದರೆ ಆ ತೀರ್ಪನ್ನು ಹೊರಗಿಟ್ಟು.

ಮೊದಲು ವಿಂಗಡಿಸಿ

ಹೊಸದೊಂದು ಸಿಕ್ಕಾಗ ಬಿಡಿಸಲು ಕೂರಬೇಡಿ. ಹತ್ತು ನಿಮಿಷ ಅದು ಯಾವ ಜಾತಿಯದು ಎಂದು ನೋಡಿ. ಅಮೆರಿಕದ ತತ್ವಶಾಸ್ತ್ರಜ್ಞ ಕ್ವೈನ್ 1962ರಲ್ಲಿ ಮಾಡಿದ ಮೂರು ಭಾಗದ ವಿಂಗಡಣೆ ಇವತ್ತಿಗೂ ಸಾಕಾಗುತ್ತದೆ.

ಒಂದು, ತೀರ್ಮಾನ ನಂಬಲಾಗದಂತಿದ್ದರೂ ನಿಜವಾಗಿರುವುದು. ಮೂರು ಬಾಗಿಲಿನ ಲೆಕ್ಕ ಈ ಜಾತಿ: ಮೂರು ಮುಚ್ಚಿದ ಬಾಗಿಲಲ್ಲಿ ಒಂದರ ಹಿಂದೆ ಬಹುಮಾನ, ನೀವು ಒಂದನ್ನು ಆರಿಸಿದ ಮೇಲೆ ಗುಟ್ಟು ಗೊತ್ತಿರುವವರು ಬಹುಮಾನವಿಲ್ಲದ ಇನ್ನೊಂದನ್ನು ತೆರೆದರೆ, ಆಯ್ಕೆ ಬದಲಿಸುವುದೇ ಲಾಭ. ಎರಡು, ತೀರ್ಮಾನ ಸುಳ್ಳು, ಒಳಗೆಲ್ಲೋ ತಪ್ಪು ಅಡಗಿರುವುದು. ಶಾಲೆಯಲ್ಲಿ ತೋರಿಸುವ 2 = 1 ಎಂಬ ‘ಸಾಧನೆ’ ಇದಕ್ಕೆ ಉದಾಹರಣೆ: ಅ = ಬ ಎಂದು ಶುರುಮಾಡಿ, ಕೊನೆಗೆ ಎರಡೂ ಬದಿಯನ್ನು (ಅ – ಬ) ಇಂದ ಭಾಗಿಸುತ್ತಾರೆ, ಅದು ಸೊನ್ನೆ. ಮೂರು, ಆಧಾರವಾಕ್ಯಗಳೂ ಸರಿ ಎನಿಸುತ್ತವೆ, ನಡೆಯೂ ಸರಿ ಎನಿಸುತ್ತದೆ, ಆದರೂ ವಿರೋಧ ಬರುತ್ತದೆ. ಇಲ್ಲಿ ನಾವು ಗಟ್ಟಿಯೆಂದು ನಂಬಿದ ಯಾವುದೋ ಒಂದನ್ನು ಬಿಡಲೇಬೇಕು. ಸುಳ್ಳಿನ ವಾಕ್ಯ (‘ಈ ವಾಕ್ಯ ಸತ್ಯವಲ್ಲ’ ಎನ್ನುವಂಥದ್ದು) ಈ ಮೂರನೆಯ ಜಾತಿ.

ವಿಂಗಡಣೆಯೇ ವಿವಾದವಾಗುವುದೂ ಉಂಟು. ಪ್ರಾಚೀನ ಗ್ರೀಸಿನ ಝೀನೋ ಹೇಳಿದ ಅಕಿಲೀಸ್ ಮತ್ತು ಆಮೆಯ ಓಟ ನೋಡಿ. ಆಮೆ ಇದ್ದಲ್ಲಿಗೆ ಅಕಿಲೀಸ್ ತಲುಪುವಷ್ಟರಲ್ಲಿ ಅದು ಸ್ವಲ್ಪ ಮುಂದೆ ಹೋಗಿರುತ್ತದೆ, ಮತ್ತೆ ಮತ್ತೆ ಹೀಗೇ, ಆದ್ದರಿಂದ ಅವನು ಅದನ್ನು ಎಂದೂ ಹಿಡಿಯಲಾರ ಎಂಬುದು ವಾದ. ಅಕಿಲೀಸ್ ಸೆಕೆಂಡಿಗೆ 10 ಮೀಟರ್, ಆಮೆ 1 ಮೀಟರ್, ಆಮೆಗೆ 100 ಮೀಟರ್ ಮುಂಗಡ ಎಂದಿಟ್ಟುಕೊಳ್ಳಿ. 111 ಮೀಟರ್ ದಾಟಿ ಇನ್ನೊಂದು ಮೀಟರಿನ ಒಂಬತ್ತನೇ ಒಂದು ಭಾಗದಲ್ಲಿ ಅವನು ಅದನ್ನು ಹಿಡಿಯುತ್ತಾನೆ. ಅನಂತ ಶ್ರೇಢಿಯ ಮೊತ್ತ ಗೊತ್ತಿರುವವರು ಇದನ್ನು ಎರಡನೇ ಜಾತಿಗೆ ಹಾಕಿ ಮುಗಿಸುತ್ತಾರೆ. ಆದರೆ ಝೀನೋನ ಪ್ರಶ್ನೆ ಮೊತ್ತ ಎಷ್ಟು ಎಂಬುದಷ್ಟೇ ಅಲ್ಲ, ಕೊನೆಯ ಹೆಜ್ಜೆಯೇ ಇಲ್ಲದ ಕೆಲಸವನ್ನು ಮುಗಿಸುವುದು ಎಂದರೇನು ಎಂಬುದೂ ಹೌದು. 1954ರಲ್ಲಿ ತತ್ವಶಾಸ್ತ್ರಜ್ಞ ಥಾಮ್ಸನ್ ದೀಪದ ಉದಾಹರಣೆ ತಂದದ್ದು ಈ ಎರಡನೆಯ ಪ್ರಶ್ನೆಗೆ. ಒಂದು ನಿಮಿಷಕ್ಕೆ ಹೊತ್ತಿಸಿ, ಅರ್ಧ ನಿಮಿಷಕ್ಕೆ ಆರಿಸಿ, ಕಾಲು ನಿಮಿಷಕ್ಕೆ ಹೊತ್ತಿಸಿ, ಹೀಗೇ ಹೋದರೆ ಎರಡು ನಿಮಿಷದ ಕೊನೆಗೆ ದೀಪ ಉರಿಯುತ್ತಿರುತ್ತದೋ ಆರಿರುತ್ತದೋ? ಇಲ್ಲಿ ಸಮಯದ ಮೊತ್ತ ಗೊತ್ತು, ಉತ್ತರ ಮಾತ್ರ ಗೊತ್ತಿಲ್ಲ.

ಒಗಟಿಗೆ ಕೋಷ್ಟಕ

ಸತ್ಯವಂತ-ಸುಳ್ಳ ಮಾದರಿಯ ಒಗಟುಗಳನ್ನು ತಲೆಯಲ್ಲೇ ಬಿಡಿಸುವ ಚಪಲ ಬಿಡಿ. ಯಾರು ಸತ್ಯವಂತ, ಯಾರು ಸುಳ್ಳ ಎಂಬ ಪ್ರತಿ ಸಾಧ್ಯತೆಗೂ ಒಂದು ಸಾಲು ಹಾಕಿದರೆ ಅದೇ ಸತ್ಯಕೋಷ್ಟಕ. ಮೂರು ಜನರಿದ್ದರೆ ಎಂಟು ಸಾಲು, ನಾಲ್ವರಿದ್ದರೆ ಹದಿನಾರು, ಐವರಿದ್ದರೆ 32. ಐದರವರೆಗೆ ಸತ್ಯಕೋಷ್ಟಕವನ್ನು ಕೈಯಲ್ಲಿ ಬರೆಯಬಹುದು, ಅದಕ್ಕಿಂತ ಹೆಚ್ಚಾದರೆ ಒಂದು ಊಹೆ ಇಟ್ಟು ಮುಂದುವರಿಯುವ ದಾರಿ ಒಳ್ಳೆಯದು.

ಉದಾಹರಣೆಗೆ ಮೂವರು. ಸತ್ಯವಂತ ಹೇಳುವುದೆಲ್ಲ ನಿಜ, ಸುಳ್ಳ ಹೇಳುವುದೆಲ್ಲ ಸುಳ್ಳು.

ರಂಗ: ‘ಗಿರಿ ಸುಳ್ಳ.’
ಗಿರಿ: ‘ನಾನೂ ಸೋಮನೂ ಒಂದೇ ಬಗೆ.’
ಸೋಮ: ‘ರಂಗ ಸತ್ಯವಂತ.’

ಗಿರಿಯ ಮಾತಿನಿಂದ ಶುರುಮಾಡಿ. ಗಿರಿ ಸತ್ಯವಂತನಾದರೆ ಸೋಮನೂ ಅವನ ಬಗೆ, ಅಂದರೆ ಸತ್ಯವಂತ. ಗಿರಿ ಸುಳ್ಳನಾದರೆ ಅವನ ಮಾತು ಸುಳ್ಳು, ಸೋಮ ಬೇರೆ ಬಗೆ, ಆಗಲೂ ಸತ್ಯವಂತ. ಗಿರಿ ಯಾರೇ ಆಗಿರಲಿ ಸೋಮ ಸತ್ಯವಂತನೇ. ಸೋಮನ ಮಾತಿನಿಂದ ರಂಗ ಸತ್ಯವಂತ, ರಂಗನ ಮಾತಿನಿಂದ ಗಿರಿ ಸುಳ್ಳ. ಮೂರನ್ನೂ ಮತ್ತೆ ಇಟ್ಟು ನೋಡಿ: ಗಿರಿ ಸುಳ್ಳ, ಸೋಮ ಸತ್ಯವಂತ, ಆದ್ದರಿಂದ ‘ಒಂದೇ ಬಗೆ’ ಎಂದದ್ದು ಸುಳ್ಳು. ಸರಿಹೋಯಿತು.

ಇಂಥ ಒಗಟುಗಳಲ್ಲಿ ಅಂಕ ಕಳೆಯುವ ತಪ್ಪುಗಳು ಮುಖ್ಯವಾಗಿ ಎರಡು. ಮೊದಲನೆಯದು, ‘ರಂಗ ಸತ್ಯವಂತ’ ಎಂದು ಊಹಿಸಿ ವಿರೋಧ ಬರಲಿಲ್ಲ ಎಂದು ಅಲ್ಲಿಗೇ ನಿಲ್ಲಿಸುವುದು. ವಿರೋಧ ಬರದಿದ್ದರೆ ಆ ಊಹೆ ಸಾಧ್ಯ ಎಂದಷ್ಟೇ ಅರ್ಥ. ಎದುರು ಊಹೆಯಲ್ಲಿ ವಿರೋಧ ತೋರಿಸಿದ ಮೇಲೆಯೇ ಉತ್ತರ ಒಂದೇ ಎಂದು ಹೇಳಬಹುದು. ಎರಡನೆಯದು ಜೋಡು ಮಾತಿನ ನಿಷೇಧ. ಸುಳ್ಳನೊಬ್ಬ ‘ನಾವಿಬ್ಬರೂ ಸುಳ್ಳರು’ ಎಂದರೆ ‘ಇಬ್ಬರೂ ಸತ್ಯವಂತರು’ ಎಂದು ತಿರುವಿಬಿಡುತ್ತಾರೆ. ಸರಿಯಾದ ತಿರುವು: ಇಬ್ಬರಲ್ಲಿ ಒಬ್ಬನಾದರೂ ಸತ್ಯವಂತ. ಹೇಳಿದವನು ಸುಳ್ಳನಾದ್ದರಿಂದ ಅದು ಇನ್ನೊಬ್ಬನೇ.

ಕವಲುದಾರಿಯಲ್ಲಿ ನಿಂತ, ಸತ್ಯವಂತನೋ ಸುಳ್ಳನೋ ತಿಳಿಯದ ಒಬ್ಬನಿಗೆ ಒಂದೇ ಪ್ರಶ್ನೆ ಕೇಳಿ ಊರಿನ ದಾರಿ ತಿಳಿಯುವ ಒಗಟಿನ ಗುಟ್ಟನ್ನೂ ಹೀಗೆಯೇ ಅರ್ಥ ಮಾಡಿಕೊಳ್ಳಿ, ಬಾಯಿಪಾಠ ಬೇಡ. ‘ಈ ದಾರಿ ಊರಿಗೆ ಹೋಗುತ್ತದೆಯೇ ಎಂದು ಕೇಳಿದ್ದರೆ ಹೌದು ಎನ್ನುತ್ತಿದ್ದೆಯಾ?’ ಎಂಬ ಪ್ರಶ್ನೆಗೆ ಸುಳ್ಳ ಎರಡು ಸಲ ಸುಳ್ಳು ಹೇಳಬೇಕಾಗುತ್ತದೆ, ಎರಡು ತಿರುವು ಸೇರಿ ನಿಜ ಹೊರಬರುತ್ತದೆ. ಜಾರ್ಜ್ ಬೂಲೋಸ್ 1996ರಲ್ಲಿ ಪ್ರಕಟಿಸಿದ ಮೂರು ದೇವರ ಒಗಟು ‘ಅತಿ ಕಠಿಣ’ ಎಂದು ಹೆಸರಾದದ್ದು. ಅದಕ್ಕೂ ಇದೇ ಕೀಲಿಯ ಇನ್ನೊಂದು ರೂಪ ಹೊಂದುತ್ತದೆ. ಕೀಲಿ ಕಂಡುಕೊಳ್ಳುವ ಮೊದಲು ಆ ಒಗಟಿಗೆ ಕೈಹಾಕಿದರೆ ದಿನಗಳು ಹೋಗುತ್ತವೆ.

ಕನ್ನಡದಲ್ಲೇ ಇರುವ ಗುಂಡಿಗಳು

ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಯೋಚಿಸುವವರು ಈ ಭಾಗಕ್ಕೆ ಹೆಚ್ಚು ಹೊತ್ತು ಕೊಡಬೇಕು. ಯಾವ ಪಠ್ಯವೂ ಇದನ್ನು ಅಷ್ಟಾಗಿ ಹೇಳುವುದಿಲ್ಲ.

‘ಎಲ್ಲರೂ ಬರಲಿಲ್ಲ.’ ಯಾರೂ ಬರಲಿಲ್ಲವೋ, ಕೆಲವರು ಮಾತ್ರ ಬರಲಿಲ್ಲವೋ? ಮಾತಿನಲ್ಲಿ ದನಿಯಿಂದ ತಿಳಿಯುತ್ತದೆ, ಬರವಣಿಗೆಯಲ್ಲಿ ತಿಳಿಯುವುದಿಲ್ಲ. ಉತ್ತರ ಬರೆಯುವಾಗ ‘ಒಬ್ಬರೂ ಬರಲಿಲ್ಲ’ ಎಂದೋ, ‘ಎಲ್ಲರೂ ಬಂದರು ಎಂಬುದು ನಿಜವಲ್ಲ’ ಎಂದೋ ಬಿಡಿಸಿ ಬರೆಯಿರಿ. ಎರಡನೆಯದು ಕಿವಿಗೆ ಒರಟು, ಆದರೆ ನಿಷೇಧ ಎಲ್ಲಿ ಕೂತಿದೆ ಎಂಬುದು ಸ್ಪಷ್ಟ.

‘ಎಲ್ಲರೂ ಒಂದು ಪುಸ್ತಕ ಓದಿದ್ದಾರೆ.’ ಒಂದೇ ಪುಸ್ತಕವೋ, ತಲೆಗೊಂದೋ? ‘ಯಾವುದೋ ಒಂದು ಪುಸ್ತಕವಿದೆ, ಅದನ್ನು ಎಲ್ಲರೂ ಓದಿದ್ದಾರೆ’ ಎಂಬುದರಿಂದ ‘ಪ್ರತಿಯೊಬ್ಬರೂ ಯಾವುದಾದರೂ ಒಂದನ್ನು ಓದಿದ್ದಾರೆ’ ಎಂಬುದು ಬರುತ್ತದೆ. ಹಿಮ್ಮುಖವಾಗಿ ಬರುವುದಿಲ್ಲ. ಯಾರೋ, ಯಾರೂ, ಯಾರಾದರೂ ಎಂಬ ಮೂರರ ವ್ಯತ್ಯಾಸ ಕನ್ನಡಿಗರಿಗೆ ಹುಟ್ಟಿನಿಂದ ಗೊತ್ತು. ಪ್ರಮಾಣಸೂಚಕಗಳ (‘ಎಲ್ಲ’, ‘ಕೆಲವು’ ಎಂಬಂಥ ಪದಗಳ) ತರ್ಕ ಕಲಿಯಲು ಅದೇ ಒಳ್ಳೆಯ ಮೆಟ್ಟಿಲು.

‘ಮಳೆ ಬಂದರೆ ಬಿತ್ತುತ್ತೇನೆ’, ‘ಮಳೆ ಬಂದರೆ ಮಾತ್ರ ಬಿತ್ತುತ್ತೇನೆ’: ‘ಮಾತ್ರ’ ಬಂದ ಕೂಡಲೇ ಬಾಣದ ದಿಕ್ಕು ತಿರುಗಿತು. ಮೊದಲನೆಯದರಲ್ಲಿ ಮಳೆಯಿಂದ ಬಿತ್ತನೆಗೆ, ಎರಡನೆಯದರಲ್ಲಿ ಬಿತ್ತನೆಯಿಂದ ಮಳೆಗೆ. ಇದನ್ನು ಪರೀಕ್ಷಿಸಿಕೊಳ್ಳಲು ಪೀಟರ್ ವೇಸನ್ 1966ರಲ್ಲಿ ಕೊಟ್ಟ ಎಲೆಗಳ ಲೆಕ್ಕವನ್ನು ನಮ್ಮ ಅಕ್ಷರಗಳಲ್ಲಿ ಮಾಡಿ. ನಾಲ್ಕು ಚೀಟಿ, ಪ್ರತಿಯೊಂದರ ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. ಕಾಣುತ್ತಿರುವುದು ಅ, ಕ, 4, 7. ‘ಒಂದು ಬದಿ ಸ್ವರವಿದ್ದರೆ ಇನ್ನೊಂದು ಬದಿ ಸಮಸಂಖ್ಯೆ’ ಎಂಬ ನಿಯಮ ಪಾಲನೆಯಾಗಿದೆಯೇ ಎಂದು ತಿಳಿಯಲು ಯಾವ ಚೀಟಿಗಳನ್ನು ತಿರುಗಿಸಲೇಬೇಕು? ಅ ಮತ್ತು 4 ಎಂದು ಹೇಳುವವರೇ ಹೆಚ್ಚು. ಸರಿಯಾದದ್ದು ಅ ಮತ್ತು 7. ನಾಲ್ಕರ ಹಿಂದೆ ಏನಿದ್ದರೂ ನಿಯಮ ಮುರಿಯುವುದಿಲ್ಲ, ಏಳರ ಹಿಂದೆ ಸ್ವರವಿದ್ದರೆ ಮುರಿಯುತ್ತದೆ.

ಪರಿಭಾಷೆಯಲ್ಲಿ ಒಂದನ್ನು ಮಾತ್ರ ಬಿಡದೆ ಪಾಲಿಸಿ. ವಾಕ್ಯ ಸತ್ಯ ಅಥವಾ ಸುಳ್ಳು, ವಾದ ಸಿಂಧು (ಆಧಾರವಾಕ್ಯಗಳು ಸತ್ಯವಾದರೆ ತೀರ್ಮಾನವೂ ಸತ್ಯವಾಗಲೇಬೇಕು) ಅಥವಾ ಅಸಿಂಧು. ‘ವಾದ ಸತ್ಯ’ ಎಂದು ಬರೆದರೆ ಮೌಲ್ಯಮಾಪಕರಿಗೆ ನೀವು ಮೊದಲ ಪಾಠವನ್ನೇ ದಾಟಿಲ್ಲ ಎಂದು ತಿಳಿಯುತ್ತದೆ.

ವಿರೋಧಾಭಾಸವನ್ನು ಬಿಚ್ಚುವ ಕ್ರಮ

ನೋಟ್‌ಬುಕ್ಕಿನ ಎಡಪುಟದಲ್ಲಿ ವಾದ, ಬಲಪುಟದಲ್ಲಿ ಬೆಲೆ. ಎಡಪುಟದಲ್ಲಿ ಪ್ರತಿ ಹೆಜ್ಜೆಗೂ ಸಂಖ್ಯೆ, ಅದು ಯಾವ ನಿಯಮದಿಂದ ಬಂತು ಎಂಬ ಟಿಪ್ಪಣಿ. ಸುಳ್ಳಿನ ವಾಕ್ಯವನ್ನೇ ತೆಗೆದುಕೊಳ್ಳೋಣ. ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ಮಿಲೀಟಸ್ ಊರಿನ ಯೂಬುಲಿಡೀಸನ ಹೆಸರಿಗೆ ಹತ್ತಿದ ವಿರೋಧಾಭಾಸ ಇದು.

1. ‘ಲ’ ಎಂಬುದು ಈ ವಾಕ್ಯದ ಹೆಸರು: ‘ಲ ಸತ್ಯವಲ್ಲ.’
2. ಯಾವುದೇ ವಾಕ್ಯ ಸತ್ಯವಾಗುವುದು ಅದು ಹೇಳಿದಂತೆ ಇದ್ದಾಗ, ಇದ್ದಾಗ ಮಾತ್ರ.
3. ಆದ್ದರಿಂದ ಲ ಸತ್ಯವಾಗುವುದು ಲ ಸತ್ಯವಲ್ಲದಿದ್ದಾಗ, ಆಗ ಮಾತ್ರ. (1 ಮತ್ತು 2ರಿಂದ)
4. ಲ ಸತ್ಯ, ಇಲ್ಲವೇ ಲ ಸತ್ಯವಲ್ಲ.
5. ಯಾವ ಪಕ್ಷ ಹಿಡಿದರೂ ಲ ಸತ್ಯವೂ ಹೌದು, ಸತ್ಯವಲ್ಲದ್ದೂ ಹೌದು.
6. ಹಾಗಾಗುವುದು ಅಸಾಧ್ಯ.

ಶುರುವಿನಲ್ಲೇ ಎರಡು ಎಚ್ಚರಿಕೆ. ‘ನಾನು ಸುಳ್ಳು ಹೇಳುತ್ತಿದ್ದೇನೆ’ ಎಂದು ಬರೆಯಬೇಡಿ. ಸುಳ್ಳು ಹೇಳುವುದರಲ್ಲಿ ಮೋಸದ ಉದ್ದೇಶ ಸೇರಿಕೊಂಡು ಚರ್ಚೆ ಬೇರೆಡೆ ಹೋಗುತ್ತದೆ. ‘ಲ ಸುಳ್ಳು’ ಎಂದೂ ಬೇಡ, ‘ಲ ಸತ್ಯವಲ್ಲ’ ಎನ್ನಿ. ಕಾರಣ ಕೆಳಗೆ ತಿಳಿಯುತ್ತದೆ. ಇನ್ನು ಕ್ರೀಟ್ ದ್ವೀಪದ ಎಪಿಮೆನಿಡೀಸ್ ‘ಕ್ರೀಟಿನವರೆಲ್ಲ ಯಾವಾಗಲೂ ಸುಳ್ಳರು’ ಎಂದ ಕಥೆಯನ್ನು ಇದರ ಬದಲು ಬಳಸಬೇಡಿ. ಆ ಮಾತು ಸುಳ್ಳು ಎಂದಿಟ್ಟುಕೊಂಡರೆ ಕ್ರೀಟಿನ ಯಾರೋ ಒಬ್ಬ ಯಾವಾಗಲೋ ಒಮ್ಮೆ ನಿಜ ಹೇಳಿದ್ದಾನೆ ಎಂದಷ್ಟೇ ಆಯಿತು, ವಿರೋಧವೇನೂ ಇಲ್ಲ. ‘ಎಲ್ಲ’ದ ನಿಷೇಧದಲ್ಲಿ ಆದ ಹಳೆಯ ತಪ್ಪೇ ಇಲ್ಲಿಯೂ.

ಈಗ ಬಲಪುಟ. ಯಾವ ಹೆಜ್ಜೆಯನ್ನು ಬಿಡಬಹುದು, ಬಿಟ್ಟರೆ ಏನು ಹೋಗುತ್ತದೆ?

ಮೊದಲ ಹೆಜ್ಜೆ ಬಿಡುವುದು, ಅಂದರೆ ತನ್ನ ಬಗ್ಗೆ ತಾನೇ ಹೇಳುವ ವಾಕ್ಯಕ್ಕೆ ಅರ್ಥವಿಲ್ಲ ಎನ್ನುವುದು. ಪರೀಕ್ಷೆಯಲ್ಲಿ ಬಹುಪಾಲು ಉತ್ತರಗಳು ಇಲ್ಲಿಗೇ ಬಂದು ನಿಲ್ಲುತ್ತವೆ, ಇದೇ ಅತ್ಯಂತ ದುರ್ಬಲ ದಾರಿ. ‘ಈ ವಾಕ್ಯದಲ್ಲಿ ನಾಲ್ಕು ಪದಗಳಿವೆ.’ ಎಣಿಸಿ ನೋಡಿ. ತನ್ನ ಬಗ್ಗೆಯೇ ಹೇಳುತ್ತಿದೆ, ಅರ್ಥವೂ ಇದೆ, ಸತ್ಯವೂ ಹೌದು. ಇನ್ನೂ ದೊಡ್ಡ ತೊಡಕು 1975ರಲ್ಲಿ ತರ್ಕಶಾಸ್ತ್ರಜ್ಞ ಕ್ರಿಪ್ಕಿ ತೋರಿಸಿದ್ದು: ವಿರೋಧ ಹುಟ್ಟುವುದು ಕೆಲವೊಮ್ಮೆ ವಾಕ್ಯದ ರೂಪದಿಂದಲ್ಲ, ಹೊರಗಿನ ಸಂಗತಿಯಿಂದ. ಕರಿಹಲಗೆಯ ಮೇಲೆ ‘12ನೇ ಕೊಠಡಿಯ ಹಲಗೆಯ ಮೇಲಿರುವ ಒಂದೇ ವಾಕ್ಯ ಸತ್ಯವಲ್ಲ’ ಎಂದು ಯಾರೋ ಬರೆದಿದ್ದಾರೆ. 14ನೇ ಕೊಠಡಿಯಲ್ಲಿ ಬರೆದಿದ್ದರೆ ಅದು ಸಾಧಾರಣ ವಾಕ್ಯ. 12ರಲ್ಲಿಯೇ ಬರೆದಿದ್ದರೆ ಸುಳ್ಳಿನ ವಾಕ್ಯ. ವ್ಯಾಕರಣ ನೋಡಿ ನಿಷೇಧಿಸಲು ಹೊರಟವರಿಗೆ ಕೊಠಡಿಯ ನಂಬರನ್ನೂ ನೋಡಬೇಕಾಗುತ್ತದೆ.

ಎರಡನೆಯ ಹೆಜ್ಜೆಯನ್ನು ಮಿತಗೊಳಿಸುವುದು 1933ರಲ್ಲಿ ತರ್ಕಶಾಸ್ತ್ರಜ್ಞ ಟಾರ್ಸ್ಕಿ ಹಿಡಿದ ದಾರಿ. ಒಂದು ಭಾಷೆಯ ಸತ್ಯವನ್ನು ಅದರ ಮೇಲಿನ ಮೆಟ್ಟಿಲಿನ ಭಾಷೆಯಲ್ಲಿ ಮಾತ್ರ ಹೇಳಬಹುದು. ಗಣಿತಕ್ಕೆ ಇದು ಚೊಕ್ಕ. ಬೆಲೆ ಏನೆಂದರೆ ನಾವು ಮಾತಾಡುವ ಕನ್ನಡದಲ್ಲಿ ‘ಸತ್ಯ’ ಎಂಬ ಪದ ಒಂದೇ, ‘ಸತ್ಯ-1’, ‘ಸತ್ಯ-2’ ಎಂದು ಅಂಕಿ ಹಚ್ಚಿ ಯಾರೂ ಮಾತಾಡುವುದಿಲ್ಲ.

ನಾಲ್ಕನೆಯದನ್ನು ಬಿಟ್ಟರೆ ಲ ಸತ್ಯವೂ ಅಲ್ಲ, ಸುಳ್ಳೂ ಅಲ್ಲ, ನಡುವಿನ ಖಾಲಿಯಲ್ಲಿ ಬಿತ್ತು. ಕ್ರಿಪ್ಕಿಯ ಸಿದ್ಧಾಂತದಲ್ಲಿ ವಾಕ್ಯಗಳು ಹಂತಹಂತವಾಗಿ ಮೌಲ್ಯ ಪಡೆಯುತ್ತವೆ, ಲ ಎಂದೂ ಪಡೆಯುವುದಿಲ್ಲ. ಆದರೆ ‘ಖಾಲಿಯಲ್ಲಿದೆ’ ಎಂದ ಮೇಲೆ ‘ಸತ್ಯವಲ್ಲ’ ಎಂದೇ ಆಯಿತಲ್ಲ! ಲ ಹೇಳುತ್ತಿರುವುದೂ ಅದನ್ನೇ. ಓಡಿಸಿದ ವಿರೋಧ ಹಿಂಬಾಗಿಲಿನಿಂದ ಬಂತು. ‘ಸುಳ್ಳು’ ಬೇಡ, ‘ಸತ್ಯವಲ್ಲ’ ಎನ್ನಿ ಎಂದದ್ದು ಇದಕ್ಕೇ. ಹಗುರಾದ ರೂಪ ಇಟ್ಟುಕೊಂಡರೆ ಪರಿಹಾರ ಸಿಕ್ಕಿತೆಂಬ ಭ್ರಮೆ ಹುಟ್ಟುತ್ತದೆ.

ಆರನೆಯದನ್ನೇ ಬಿಡುವವರೂ ಇದ್ದಾರೆ. ಗ್ರಹಾಂ ಪ್ರೀಸ್ಟ್ ಅವರ ಪ್ರಕಾರ ಕೆಲವು ವಾಕ್ಯಗಳು ಸತ್ಯವೂ ಹೌದು, ಸುಳ್ಳೂ ಹೌದು. ವಿರೋಧದಿಂದ ಏನು ಬೇಕಾದರೂ ಹೊರಡುತ್ತದೆ ಎಂಬ ಹಳೆಯ ನಿಯಮವನ್ನು ಆಗ ಕೈಬಿಡಬೇಕು. ಇದನ್ನು ಹುಚ್ಚು ಎಂದು ಒಂದು ಸಾಲಿನಲ್ಲಿ ತಳ್ಳಿಹಾಕಬೇಡಿ. ತಳ್ಳಿಹಾಕಲು ಕಾರಣ ಕೊಡುವುದು ಎಷ್ಟು ಕಷ್ಟ ಎಂಬುದೇ ಕಲಿಯಬೇಕಾದ ಪಾಠ. ಗಟ್ಟಿ ಆಕ್ಷೇಪ ಬೇಕಿದ್ದರೆ ಕರಿಯ ವಾಕ್ಯದತ್ತ ಹೋಗಿ (1942ರಲ್ಲಿ ಹ್ಯಾಸ್ಕೆಲ್ ಕರಿ ಪ್ರಕಟಿಸಿದ್ದು). ‘ಕ’ ಎಂಬುದು ಈ ವಾಕ್ಯ: ‘ಕ ಸತ್ಯವಾದರೆ ಹುಣಸೆ ಮರದಲ್ಲಿ ಮಾವು ಬಿಡುತ್ತದೆ.’ ಕ ಸತ್ಯ ಎಂದು ಊಹಿಸಿ. ಆಗ ಅದು ಹೇಳಿದಂತೆ, ಕ ಸತ್ಯವಾದರೆ ಮಾವು. ಕ ಸತ್ಯ ಎಂದು ಊಹಿಸಿಯೇ ಇದ್ದೇವೆ, ಆದ್ದರಿಂದ ಮಾವು. ಅಂದರೆ ಊಹೆ ಕಳಚಿದ ಮೇಲೆ ಉಳಿದದ್ದು: ಕ ಸತ್ಯವಾದರೆ ಮಾವು. ಇದೇ ಕ! ಆದ್ದರಿಂದ ಕ ಸತ್ಯ, ಆದ್ದರಿಂದ ಮಾವು. ನಿಷೇಧವೆಂಬುದು ಎಲ್ಲೂ ಇಲ್ಲ, ವಿರೋಧವನ್ನು ಒಪ್ಪಿಕೊಂಡರೂ ಇದರಿಂದ ಬಿಡುಗಡೆಯಿಲ್ಲ. ಊಹೆಯನ್ನು ಎರಡು ಸಲ ಬಳಸಿದ್ದೇವೆ ಎಂಬುದನ್ನು ಎಡಪುಟದಲ್ಲಿ ಗುರುತು ಮಾಡಿ, ಈಚಿನ ಹಲವು ಪರಿಹಾರಗಳು ಕೈಯಿಡುವುದು ಅಲ್ಲೇ.

ರಾಗಿ ರಾಶಿ

ರಾಶಿಯ ವಿರೋಧಾಭಾಸವೂ ಯೂಬುಲಿಡೀಸನದೇ. ಹತ್ತು ಸಾವಿರ ಕಾಳು ರಾಗಿ ಒಂದು ರಾಶಿ. ರಾಶಿಯಿಂದ ಒಂದು ಕಾಳು ತೆಗೆದರೆ ಅದು ರಾಶಿಯೇ. ಈ ನಡೆಯನ್ನು ಹತ್ತು ಸಾವಿರ ಸಲ ನಡೆಸಿದರೆ ಕಾಳೇ ಇಲ್ಲದ ರಾಶಿ ಕೈಗೆ ಬರುತ್ತದೆ.

ಇದಕ್ಕೆ ಬೆಲೆಪಟ್ಟಿ ಬರೆಯುವುದು ಒಳ್ಳೆಯ ಅಭ್ಯಾಸ, ಏಕೆಂದರೆ ಪಕ್ಷಗಳು ಸ್ಪಷ್ಟವಾಗಿವೆ. ಟಿಮೊತಿ ವಿಲಿಯಮ್ಸನ್ (1994) ಪಕ್ಷದಲ್ಲಿ ರಾಶಿ ನಿಲ್ಲುವ ಖಚಿತ ಸಂಖ್ಯೆ ಇದೆ, ನಮಗೆ ತಿಳಿಯಲಾರದು ಅಷ್ಟೇ. ತರ್ಕ ಮುಕ್ಕಾಗದೆ ಉಳಿಯಿತು. ಆದರೆ ಆ ಸಂಖ್ಯೆ 4,317 ಆಗಿದ್ದರೆ ಅದನ್ನು ಅಲ್ಲಿ ನೆಟ್ಟವರು ಯಾರು? ಕಿಟ್ ಫೈನ್ (1975) ಪಕ್ಷದಲ್ಲಿ ಪದವನ್ನು ಯಾವ ಯಾವ ರೀತಿಯಲ್ಲಿ ಖಚಿತಪಡಿಸಬಹುದೋ ಆ ಎಲ್ಲದರಲ್ಲೂ ಸತ್ಯವಾದದ್ದೇ ಸತ್ಯ. ಆಗ ‘ಗಡಿ ಎಲ್ಲೋ ಇದೆ’ ಎಂಬುದು ಸತ್ಯ, ‘ಗಡಿ ಇಲ್ಲಿದೆ’ ಎಂದು ಯಾವ ಸಂಖ್ಯೆಗೆ ಹೇಳಿದರೂ ಅದು ಸತ್ಯವಲ್ಲ. ಇದನ್ನು ನುಂಗಬಲ್ಲಿರಾ? ಮೂರನೆಯದು ಸತ್ಯಕ್ಕೆ ಪ್ರಮಾಣ ಕೊಡುವುದು. ಹತ್ತು ಸಾವಿರಕ್ಕೆ 1, ಸೊನ್ನೆಗೆ 0, ನಡುವೆ ಸಮನಾಗಿ ಇಳಿಸಿದರೆ ‘ಒಂದು ಕಾಳು ತೆಗೆದರೂ ರಾಶಿಯೇ’ ಎಂಬ ಪ್ರತಿ ನಡೆಯ ಸತ್ಯ 0.9999. ಪ್ರತಿ ನಡೆಯೂ ಬಹುಪಾಲು ಸತ್ಯ, ನಷ್ಟ ಮಾತ್ರ ಕೂಡುತ್ತಾ ಹೋಗಿ ಕೊನೆಗೆ ಪೂರ್ತಿ ಒಂದು. ನಾವು ಏಕೆ ಮೋಸಹೋಗುತ್ತೇವೆ ಎಂಬುದನ್ನು ಇಷ್ಟು ಚೆನ್ನಾಗಿ ವಿವರಿಸುವ ಪಕ್ಷ ಇನ್ನೊಂದಿಲ್ಲ. ಆದರೆ 6,200 ಕಾಳಿಗೆ ಸರಿಯಾಗಿ 0.62 ಏಕೆ ಎಂದು ಕೇಳಿದರೆ, ಅಳಿಸಿದ ಖಚಿತ ಗಡಿಗಳು ಸಾವಿರವಾಗಿ ಮರಳುತ್ತವೆ.

‘ಸರ್ಕಾರ ಮತದಾನಕ್ಕೆ 18 ಎಂದು ಗೆರೆ ಎಳೆದಿಲ್ಲವೇ, ಹಾಗೆಯೇ ಎಳೆದರಾಯಿತು’ ಎಂಬ ಉತ್ತರ ಪ್ರತಿ ತರಗತಿಯಲ್ಲೂ ಬರುತ್ತದೆ. ಗೆರೆ ಎಳೆದರೆ ಹಳೆಯ ಪದದ ಜಾಗದಲ್ಲಿ ಹೊಸ ಪದ ಇಟ್ಟಂತೆ. ‘ದೊಡ್ಡವರಾದರು’ ಎಂಬುದರ ಅರ್ಥ ಹದಿನೆಂಟನೆಯ ಹುಟ್ಟುಹಬ್ಬದ ಹಿಂದಿನ ರಾತ್ರಿ ಬದಲಾಗಲಿಲ್ಲ.

ಕ್ಷೌರಿಕ ಮತ್ತು ರಸೆಲ್: ಎರಡನ್ನೂ ಒಂದು ಮಾಡಬೇಡಿ

‘ಊರಿನಲ್ಲಿ ತಮ್ಮ ಕ್ಷೌರ ತಾವೇ ಮಾಡಿಕೊಳ್ಳದವರಿಗೆಲ್ಲ, ಅವರಿಗೆ ಮಾತ್ರ, ಕ್ಷೌರ ಮಾಡುವವನು’ ತನಗೆ ತಾನು ಮಾಡಿಕೊಳ್ಳುತ್ತಾನೆಯೇ? ಇದನ್ನು ರಸೆಲ್ ವಿರೋಧಾಭಾಸ ಎಂದೇ ಬರೆಯುತ್ತಾರೆ. ವಾದದ ರೂಪ ಒಂದೇ, ತೂಕ ಬೇರೆ. ಅಂಥ ಕ್ಷೌರಿಕ ಇಲ್ಲ ಎಂದರೆ ಮುಗಿಯಿತು, ಅವನು ಇದ್ದಾನೆಂದು ನಂಬಲು ಯಾವ ಕಾರಣವೂ ಇರಲಿಲ್ಲ. ಗಣದ ವಿಷಯದಲ್ಲಿ ಹಾಗಲ್ಲ. ಯಾವ ಲಕ್ಷಣ ಹೇಳಿದರೂ ಆ ಲಕ್ಷಣವುಳ್ಳವುಗಳ ಒಂದು ಗಣವಿದೆ ಎಂಬ ನಂಬಿಕೆಯ ಮೇಲೆಯೇ ಜರ್ಮನ್ ತರ್ಕಶಾಸ್ತ್ರಜ್ಞ ಫ್ರೀಗೆ ಅಂಕಗಣಿತದ ಬುನಾದಿ ಕಟ್ಟುತ್ತಿದ್ದರು. ತನಗೆ ತಾನೇ ಸದಸ್ಯವಲ್ಲದ ಗಣಗಳ ಗಣ ಆ ನಂಬಿಕೆಯ ಪ್ರಕಾರ ಇರಲೇಬೇಕು. ಈ ವಿರೋಧವನ್ನು ತಿಳಿಸಿ 1902ರ ಜೂನ್ 16ರಂದು ರಸೆಲ್ ಪತ್ರ ಬರೆದಾಗ ಫ್ರೀಗೆಯ ಎರಡನೇ ಸಂಪುಟ ಅಚ್ಚಿನಲ್ಲಿತ್ತು. ಉತ್ತರದಲ್ಲಿ ‘ಇಲ್ಲ’ ಎನ್ನುವುದಕ್ಕೆ ಮೊದಲು, ‘ಇದೆ’ ಎಂದು ಹೇಳಿಸಿದ ನಿಯಮ ಯಾವುದು ಎಂದು ಬರೆಯಿರಿ.

ಕೈಯಾರೆ ಮಾಡಿ ನೋಡಬೇಕಾದವು

ಮೂರು ಬಾಗಿಲಿನ ಲೆಕ್ಕಕ್ಕೆ ಮೂರು ಇಸ್ಪೀಟ್ ಎಲೆ ಸಾಕು: ಒಂದು ಎಕ್ಕ, ಎರಡು ಬೇರೆ. ಗೆಳೆಯರೊಬ್ಬರು ಎಕ್ಕ ಎಲ್ಲಿದೆ ಎಂದು ತಿಳಿದು ಎಲೆ ಹರಡಲಿ. ನೀವು ಒಂದನ್ನು ಆರಿಸಿ, ಅವರು ಉಳಿದೆರಡರಲ್ಲಿ ಎಕ್ಕವಲ್ಲದ್ದನ್ನು ತೆರೆಯಲಿ, ನೀವು ಪ್ರತಿ ಸಲವೂ ಆಯ್ಕೆ ಬದಲಿಸಿ. 60 ಸುತ್ತು ಆಡಿದರೆ ಸುಮಾರು 40 ಸಲ ಎಕ್ಕ ಸಿಗುತ್ತದೆ, ಏರಿಳಿತವಿದ್ದರೂ ಸಾಮಾನ್ಯವಾಗಿ 33ರಿಂದ 47ರ ಒಳಗೆ. ಆಮೇಲೆ ನಿಯಮ ಬದಲಿಸಿ: ಗೆಳೆಯರು ಎಲೆ ನೋಡದೆ, ಕುರುಡಾಗಿ ಒಂದನ್ನು ತೆರೆಯಲಿ. ಎಕ್ಕವೇ ತೆರೆದುಕೊಂಡ ಸುತ್ತುಗಳನ್ನು (ಸುಮಾರು 20) ಬಿಟ್ಟುಬಿಡಿ. ಉಳಿದ 40ರಲ್ಲಿ ಬದಲಿಸಿದರೂ ಬದಲಿಸದಿದ್ದರೂ ಹತ್ತಿರಹತ್ತಿರ 20. ಕಣ್ಣಿಗೆ ಕಂಡದ್ದು ಎರಡೂ ಸಲ ಒಂದೇ, ತೆರೆದವರಿಗೆ ಗೊತ್ತಿತ್ತೇ ಎಂಬುದು ಬೇರೆ. ‘ಮೂರನೇ ಎರಡು’ ಎಂದು ಬಾಯಿಪಾಠ ಮಾಡಿದವರು ಎರಡನೇ ಆಟದಲ್ಲಿ ಸೋಲುತ್ತಾರೆ.

ನ್ಯೂಕಂಬ್ ಪೆಟ್ಟಿಗೆಗಳು (ರಾಬರ್ಟ್ ನೋಝಿಕ್ 1969ರಲ್ಲಿ ಪ್ರಕಟಿಸಿದ್ದು) ಜಗಳಕ್ಕೆ ಹೇಳಿ ಮಾಡಿಸಿದಂಥವು. ತೆರೆದ ಪೆಟ್ಟಿಗೆಯಲ್ಲಿ ಸಾವಿರ ಡಾಲರ್. ಮುಚ್ಚಿದ್ದರಲ್ಲಿ, ನೀವು ಅದೊಂದನ್ನೇ ತೆಗೆದುಕೊಳ್ಳುತ್ತೀರಿ ಎಂದು ಊಹೆಗಾರ ಮೊದಲೇ ಊಹಿಸಿದ್ದರೆ ಹತ್ತು ಲಕ್ಷ, ಎರಡನ್ನೂ ಎತ್ತುತ್ತೀರಿ ಎಂದು ಊಹಿಸಿದ್ದರೆ ಏನೂ ಇಲ್ಲ. ಹಣ ಇಟ್ಟಾಗಿದೆ, ಆದ್ದರಿಂದ ಎರಡನ್ನೂ ತೆಗೆದುಕೊಳ್ಳುವುದೇ ಲಾಭ ಎಂಬುದು ಒಂದು ವಾದ. ಒಂದನ್ನೇ ತೆಗೆದುಕೊಂಡವರೇ ಶ್ರೀಮಂತರಾಗುತ್ತಾರೆ ಎಂಬುದು ಇನ್ನೊಂದು. ಊಹೆಗಾರ ಎಂದೂ ತಪ್ಪದವನಾಗಿರಬೇಕು ಎಂದು ವಿದ್ಯಾರ್ಥಿಗಳು ಭಾವಿಸಿ ದೇವರು, ವಿಧಿ ಎಂದು ಬರೆಯತೊಡಗುತ್ತಾರೆ. ಲೆಕ್ಕ ಹಾಕಿ. ನಿರೀಕ್ಷಿತ ಲಾಭ ಸಮವಾಗುವುದು ಅವನ ಊಹೆ 50.05 ಶೇಕಡಾ ಸರಿಯಿದ್ದಾಗ. ನಾಣ್ಯ ಚಿಮ್ಮುವುದಕ್ಕಿಂತ ಕೂದಲೆಳೆಯಷ್ಟು ಮೇಲಾದರೆ ಸಾಕು, ಎರಡು ವಾದಗಳು ಬೇರೆ ಬೇರೆ ದಿಕ್ಕಿಗೆ ಎಳೆಯುತ್ತವೆ.

ನಮ್ಮ ಕಡೆಯ ಸಾಮಗ್ರಿ

ನ್ಯಾಯಶಾಸ್ತ್ರದ, ಅಂದರೆ ಭಾರತೀಯ ತರ್ಕದರ್ಶನದ, ನಾಲ್ಕು ಪದಗಳು ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತವೆ: ಆತ್ಮಾಶ್ರಯ (ತನ್ನನ್ನೇ ಆಶ್ರಯಿಸುವುದು), ಅನ್ಯೋನ್ಯಾಶ್ರಯ (ಎರಡು ಒಂದನ್ನೊಂದು ಆಶ್ರಯಿಸುವುದು), ಚಕ್ರಕ (ಮೂರೋ ಹೆಚ್ಚೋ ಸುತ್ತಿ ಬಂದು ಆಶ್ರಯಿಸುವುದು), ಅನವಸ್ಥೆ (ಕೊನೆಯಿಲ್ಲದೆ ಹಿಂದಕ್ಕೆ ಸರಿಯುತ್ತಾ ಹೋಗುವುದು). ಸುಳ್ಳಿನ ವಾಕ್ಯ ತನ್ನನ್ನೇ ಆಶ್ರಯಿಸುತ್ತದೆ. ಒಂದು ಬದಿ ‘ಹಿಂದಿನದು ಸತ್ಯ’, ಇನ್ನೊಂದು ಬದಿ ‘ಹಿಂದಿನದು ಸುಳ್ಳು’ ಎಂದಿರುವ ಚೀಟಿ ಅನ್ಯೋನ್ಯಾಶ್ರಯ. ಸ್ಟೀಫನ್ ಯಾಬ್ಲೊ ಕೊಟ್ಟ ಸಾಲಿನಲ್ಲಿ ಪ್ರತಿ ವಾಕ್ಯವೂ ‘ನನ್ನ ಮುಂದಿನವು ಯಾವುವೂ ಸತ್ಯವಲ್ಲ’ ಎನ್ನುತ್ತದೆ, ಸಾಲಿಗೆ ಕೊನೆಯಿಲ್ಲ. ಅದು ಅನವಸ್ಥೆಗೆ ಹತ್ತಿರ. ನೆನಪಿರಲಿ, ನೈಯಾಯಿಕರು ಇವನ್ನು ದೋಷಗಳೆಂದು ಎಣಿಸಿದ್ದು ಲಕ್ಷಣ, ಕಾರಣ, ಜ್ಞಾನಗಳ ಅವಲಂಬನೆಯ ವಿಚಾರದಲ್ಲಿ. ಸತ್ಯದ ಸಿದ್ಧಾಂತಕ್ಕೆ ತರುವಾಗ ಎರವಲು ಎಂದು ಹೇಳಿಯೇ ತನ್ನಿ.

‘ವದತೋ ವ್ಯಾಘಾತ’ವನ್ನೂ ಸುಳ್ಳಿನ ವಾಕ್ಯದ ಜತೆ ಕಲಸಬೇಡಿ. ‘ನನ್ನ ಬಾಯಲ್ಲಿ ನಾಲಿಗೆಯಿಲ್ಲ’ ಎಂದು ಮಾತಾಡಿದರೆ, ಮಾತಾಡಿದ್ದರಿಂದಲೇ ಅದು ಸುಳ್ಳು, ವಿಷಯ ಅಲ್ಲಿಗೆ ಮುಗಿಯಿತು. ‘ಮಳೆ ಬರುತ್ತಿದೆ, ಆದರೆ ಬರುತ್ತಿದೆ ಎಂದು ನಾನು ನಂಬುವುದಿಲ್ಲ’ ಎಂಬ ಮೂರ್ ಅವರ ಉದಾಹರಣೆ ಸತ್ಯವಾಗಿರಬಹುದು, ಹೇಳಲು ಮಾತ್ರ ಬರುವುದಿಲ್ಲ. ಸುಳ್ಳಿನ ವಾಕ್ಯಕ್ಕೆ ಈ ಎರಡೂ ನೆಲೆ ಸಿಗುವುದಿಲ್ಲ. ಮೂರನ್ನೂ ಪಕ್ಕಪಕ್ಕ ಬರೆದಿಟ್ಟುಕೊಂಡರೆ ಅರ್ಧ ಗೊಂದಲ ಕರಗುತ್ತದೆ.

ವೈಯಾಕರಣ ಭರ್ತೃಹರಿಯ ವಾಕ್ಯಪದೀಯದ ಮೂರನೇ ಕಾಂಡದಲ್ಲಿ ‘ಸರ್ವಂ ಮಿಥ್ಯಾ ಬ್ರವೀಮಿ’, ನಾನು ಹೇಳುವುದೆಲ್ಲ ಸುಳ್ಳು, ಎಂಬ ಮಾತಿನ ಚರ್ಚೆಯಿದೆ. ಆ ‘ಎಲ್ಲ’ದೊಳಗೆ ಆ ವಾಕ್ಯವೇ ಸೇರಬೇಕೆಂಬುದು ಹೇಳುವವನ ವಿವಕ್ಷೆಯಲ್ಲ, ಸೇರಿದರೆ ಹೇಳಹೊರಟ ಅರ್ಥವೇ ತಿಳಿಯದು ಎಂಬುದು ಅಲ್ಲಿಯ ಉತ್ತರ. ಇದನ್ನು ಟಾರ್ಸ್ಕಿಯ ಪಕ್ಕದಲ್ಲಿಟ್ಟು ಒಳ್ಳೆಯ ಪ್ರಬಂಧ ಬರೆಯಬಹುದು, ‘ನಮ್ಮವರು ಮೊದಲೇ ಹೇಳಿದ್ದರು’ ಎಂಬ ಸಾಲು ಬರೆಯದಿದ್ದರೆ. ಟಾರ್ಸ್ಕಿ ನಿರ್ಬಂಧಿಸುವುದು ಭಾಷೆಯನ್ನು, ಭರ್ತೃಹರಿ ನೋಡುವುದು ಹೇಳುವವನ ಉದ್ದೇಶವನ್ನು. 12ನೇ ಕೊಠಡಿಯ ಹಲಗೆಗೆ ಯಾವ ಉತ್ತರ ನಿಲ್ಲುತ್ತದೆ ಎಂದು ಪರೀಕ್ಷಿಸಿ. ಸಂಸ್ಕೃತ ಪಾಠಶಾಲೆ ಹತ್ತಿರವಿದ್ದರೆ ಅನ್ನಂಭಟ್ಟನ ತರ್ಕಸಂಗ್ರಹವನ್ನು ಒಂದು ಸಲ ಪಾಠ ಹೇಳಿಸಿಕೊಳ್ಳಿ, ಪುಟ್ಟ ಪುಸ್ತಕ, ಪದಗಳ ಮೇಲೆ ಹಿಡಿತ ಬರುತ್ತದೆ.

ಕೆಲವು ವಿರೋಧಾಭಾಸಗಳನ್ನು ಅನುವಾದಿಸಲು ಬರುವುದಿಲ್ಲ, ಕನ್ನಡದಲ್ಲಿ ಹೊಸದಾಗಿ ಕಟ್ಟಬೇಕು. ಬೆರಿಯ ವಿರೋಧಾಭಾಸ ಅಂಥದ್ದು. ‘ಐವತ್ತಕ್ಕಿಂತ ಕಡಿಮೆ ಅಕ್ಷರಗಳಲ್ಲಿ ಹೇಳಲಾಗದ ಅತಿ ಚಿಕ್ಕ ಪೂರ್ಣಸಂಖ್ಯೆ.’ ಐವತ್ತಕ್ಕಿಂತ ಕಡಿಮೆ ಅಕ್ಷರದ ವರ್ಣನೆಗಳು ಎಷ್ಟೇ ಇದ್ದರೂ ಅವಕ್ಕೆ ಮಿತಿಯಿದೆ, ಆದ್ದರಿಂದ ಅಂಥ ಸಂಖ್ಯೆ ಇರಲೇಬೇಕು. ಆದರೆ ಈಗ ಅದನ್ನು ಹೇಳಿಯೇಬಿಟ್ಟೆವು, ಒತ್ತಕ್ಷರವನ್ನು ಬೇರೆಯಾಗಿ ಎಣಿಸದಿದ್ದರೆ 27 ಅಕ್ಷರಗಳಲ್ಲಿ. ಹೀಗೆ ಕಟ್ಟುವಾಗಲೇ ವಿರೋಧ ‘ಹೇಳುವುದು’ ಎಂಬ ಪದದಲ್ಲಿ ಅಡಗಿದೆ ಎಂಬುದು ಹೊಳೆಯುತ್ತದೆ.

ಸೆಮಿಸ್ಟರಿನ ಲೆಕ್ಕ ಮತ್ತು ಬರವಣಿಗೆ

ಹದಿನಾರು ವಾರದ ಸೆಮಿಸ್ಟರಿನಲ್ಲಿ ಮೊದಲ ಐದು ವಾರ ಯಂತ್ರ ಕಲಿಯಲು: ಸತ್ಯಕೋಷ್ಟಕ, ಪ್ರಮಾಣಸೂಚಕಗಳು, ಹೆಜ್ಜೆಹೆಜ್ಜೆಯ ಸಾಧನೆ, ಗಣಗಳ ಪ್ರಾಥಮಿಕ ಪಾಠ. ದಿನಕ್ಕೆ ಐದು ಸಾಧನೆ ಬರೆದರೆ ಕೈ ಪಳಗುತ್ತದೆ. ಆಮೇಲೆ ನಾಲ್ಕು ವಿರೋಧಾಭಾಸ, ತಲಾ ಎರಡು ವಾರ. ಹತ್ತನ್ನು ಮುಟ್ಟಿ ಬಿಡುವುದಕ್ಕಿಂತ ನಾಲ್ಕನ್ನು ಬಿಚ್ಚುವುದು ಮೇಲು. ಉಳಿದ ಮೂರು ವಾರ ಪ್ರಬಂಧಕ್ಕೆ. ಒಗಟಿಗೆ ವಾರಕ್ಕೆ ಒಂದೆರಡು ಗಂಟೆ ಸಾಕು, ಒಂದೊಂದಕ್ಕೆ 45 ನಿಮಿಷ ಸ್ವಂತ ಪ್ರಯತ್ನ ಮಾಡಿದ ಮೇಲೆಯೇ ಉತ್ತರ ನೋಡಿ. ಓದಲು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತತ್ವಶಾಸ್ತ್ರ ವಿಶ್ವಕೋಶ ಅಂತರ್ಜಾಲದಲ್ಲಿ ಉಚಿತವಾಗಿದೆ. ಅಲ್ಲಿನ ಲೇಖನಗಳನ್ನು ಮೊದಲ ಓದಿಗೆ ಪೂರ್ತಿ ಓದಬೇಡಿ, ಮೊದಲ ಎರಡು ಭಾಗ ಓದಿ ನಿಮ್ಮ ಎಡಪುಟ ಬರೆದು, ಆಮೇಲೆ ಮುಂದೆ ಹೋಗಿ.

ಎರಡು ಸಾವಿರ ಪದಗಳ ಪ್ರಬಂಧಕ್ಕೆ ಒಂದು ಅಂದಾಜು: ವಾದವನ್ನು ಸಂಖ್ಯೆ ಹಾಕಿ ಇಡಲು 250, ಪ್ರತಿ ಆಧಾರವಾಕ್ಯ ಏಕೆ ಬಿಡಲಾಗದಂತಿದೆ ಎಂದು ತೋರಿಸಲು 400, ಒಂದೇ ಒಂದು ಪರಿಹಾರಕ್ಕೆ 900, ಅದಕ್ಕೆ ಬರುವ ಅತ್ಯಂತ ಗಟ್ಟಿ ಆಕ್ಷೇಪಕ್ಕೂ ನಿಮ್ಮ ಸಮಾಧಾನಕ್ಕೂ 450. ಐದು ಪರಿಹಾರಗಳನ್ನು ತಲಾ ಒಂದು ಪ್ಯಾರಾದಲ್ಲಿ ಸುತ್ತಿ, ಕೊನೆಗೆ ‘ಹೀಗೆ ಹಲವು ಅಭಿಪ್ರಾಯಗಳಿವೆ’ ಎಂದು ಮುಗಿಸಿದ ಪ್ರಬಂಧಕ್ಕೆ ಸಾಧಾರಣ ಅಂಕ ಬರುತ್ತದೆ. ಇತಿಹಾಸಕ್ಕೆ ನಾಲ್ಕು ಸಾಲಿಗಿಂತ ಹೆಚ್ಚು ಬೇಡ. ಬರೆದು ಮುಗಿಸಿದ ಮೇಲೆ ತತ್ವಶಾಸ್ತ್ರ ಓದದ ಒಬ್ಬರಿಗೆ ಎಡಪುಟವನ್ನು ಮಾತ್ರ ಓದಿ ಹೇಳಿ, ಯಾವ ಹೆಜ್ಜೆ ತಪ್ಪೆನಿಸುತ್ತದೆ ಎಂದು ಕೇಳಿ. ಅವರು ತಟ್ಟನೆ ಒಂದು ಹೆಜ್ಜೆಗೆ ಬೆರಳಿಟ್ಟರೆ ಆ ಹೆಜ್ಜೆಯನ್ನು ನೀವು ಸಡಿಲವಾಗಿ ಬರೆದಿದ್ದೀರಿ, ಮತ್ತೆ ಬರೆಯಿರಿ.